ಸಿಡುಬಿನ ದಾಯಾದಿಗಳು: ಪಾಕ್ಸ್ ವೈರಸ್‌ಗಳ ಬಗ್ಗೆ ಬೆಂಗಳೂರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಸಿಡುಬು ಭೂಮಿಯಿಂದ ಮರೆಯಾಗಿ ಅರ್ಧ ಶತಮಾನವಾಗುತ್ತ ಬಂತು. ಅದರ ದಾಯಾದಿಗಳು ಮಾತ್ರ ನಮ್ಮ ನಡುವೆಯೇ ಇವೆ: ಜಯನಗರದ ಚರ್ಮವೈದ್ಯರ ಮುಂದೆ ಕುಳಿತ ಮಗುವಿನ ಕತ್ತಿನ ಮೇಲೆ, ಹೊಸಕೋಟೆಯ ಕೊಟ್ಟಿಗೆಯಲ್ಲಿ ನಿಂತ ಹಸುವಿನ ಮೈಮೇಲೆ. ಸೂಕ್ಷ್ಮಜೀವಿಶಾಸ್ತ್ರ ಕಲಿಸುವ ನನ್ನನ್ನು ವಿದ್ಯಾರ್ಥಿಗಳು, ತಾಯಂದಿರು, ಹಸು ಸಾಕಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ಈ ವೈರಸ್‌ಗಳನ್ನು ಅಪಾಯಕಾರಿಯಾಗಿಸಿದ ಸ್ವಾವಲಂಬನೆಯೇ ಅವನ್ನು ವೈದ್ಯವಿಜ್ಞಾನದ ಕೈಗೆ ಒಳ್ಳೆಯ ಸಾಧನವಾಗಿಯೂ ಕೊಟ್ಟಿದೆ.

ಸಿಡುಬು, ಚಿಕನ್ ಪಾಕ್ಸ್, ಎಂಪಾಕ್ಸ್ ಎಲ್ಲವೂ ಒಂದೇ ಜಾತಿಯ ರೋಗಗಳಲ್ಲವೇ?

ಅಲ್ಲ. ಈಗ ಮನೆಗಳಲ್ಲಿ 'ಅಮ್ಮ ಆಗಿದೆ' ಎನ್ನುವುದು ಬಹುಮಟ್ಟಿಗೆ ಚಿಕನ್ ಪಾಕ್ಸ್, ಅಂದರೆ ಸೀತಾಳೆ ಸಿಡುಬು. ಅದನ್ನು ತರುವುದು ಹರ್ಪಿಸ್ ಕುಟುಂಬದ ವೈರಸ್. ಅದು ಗುಣವಾದ ಮೇಲೂ ನರಗಳಲ್ಲಿ ಅಡಗಿ ಕುಳಿತು, ವಯಸ್ಸಾದಾಗ ಸರ್ಪಸುತ್ತಾಗಿ ಎದ್ದು ಬರುತ್ತದೆ. ಪಾಕ್ಸ್ ವೈರಸ್‌ಗಳಿಗೆ ಹೀಗೆ ಅಡಗಿ ಕೂರುವ ಸ್ವಭಾವವಿಲ್ಲ. ದಡಾರ ಇನ್ನೊಂದೇ ಕುಟುಂಬದ್ದು.

ನಿಜವಾದ ಪಾಕ್ಸ್ ವೈರಸ್‌ಗಳೆಂದರೆ ಸಿಡುಬಿನ ವೇರಿಯೋಲಾ, ಎಂಪಾಕ್ಸ್, ದನದ ಸಿಡುಬು, ಎಮ್ಮೆ ಸಿಡುಬು, ಕುರಿ ಮತ್ತು ಮೇಕೆ ಸಿಡುಬು, ಕೋಳಿ ಸಿಡುಬು, ಹಸುಗಳ ಚರ್ಮಗಂಟು ರೋಗ, ಮಕ್ಕಳಲ್ಲಿ ಕಾಣುವ ಮೊಲಸ್ಕಮ್. ಗುಳ್ಳೆಗಳನ್ನು ನೋಡಿಯೇ ಹಳೆಯ ವೈದ್ಯರು ವ್ಯತ್ಯಾಸ ಹೇಳುತ್ತಿದ್ದರು. ಸಿಡುಬಿನ ಗುಳ್ಳೆಗಳು ಮುಖ, ಕೈಕಾಲುಗಳಲ್ಲಿ ದಟ್ಟವಾಗಿ, ಅಂಗೈ ಅಂಗಾಲುಗಳನ್ನೂ ಬಿಡದೆ, ಎಲ್ಲವೂ ಒಂದೇ ಹಂತದಲ್ಲಿ ಬೆಳೆಯುತ್ತಿದ್ದವು. ಚಿಕನ್ ಪಾಕ್ಸ್‌ನ ಗುಳ್ಳೆಗಳು ಎದೆ ಬೆನ್ನಿನಲ್ಲಿ ಹೆಚ್ಚು. ಒಂದು ಒಣಗುವಾಗ ಪಕ್ಕದಲ್ಲಿ ಇನ್ನೊಂದು ಏಳುತ್ತಿರುತ್ತದೆ.

ಮಂಗನ ಕಾಯಿಲೆಗೂ ಮಂಗನ ಸಿಡುಬಿಗೂ ಸಂಬಂಧವಿದೆಯೇ?

ಇಲ್ಲ. ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ, ಉಣ್ಣೆಗಳಿಂದ ಹರಡುವ ಜ್ವರ. ಮಂಗನ ಸಿಡುಬು ಎಂದು ಪತ್ರಿಕೆಗಳು ಬರೆದದ್ದು ಎಂಪಾಕ್ಸ್. 1958ರಲ್ಲಿ ಕೋಪನ್‌ಹೇಗನ್ನಿನ ಪ್ರಯೋಗಾಲಯದ ಮಂಗಗಳಲ್ಲಿ ಮೊದಲು ಕಂಡಿದ್ದರಿಂದ ಆ ಹೆಸರು ಬಂತು. ಕಾಡಿನಲ್ಲಿ ಅದನ್ನು ಇಟ್ಟುಕೊಂಡಿರುವವು ಬಹುಶಃ ಆಫ್ರಿಕಾದ ಅಳಿಲು, ಇಲಿಗಳಂಥ ದಂಶಕಗಳು. ಎಂಪಾಕ್ಸ್ ಸುದ್ದಿ ಬಂದಾಗ ಇಲ್ಲಿಯ ಮಂಗಗಳಿಗೆ ಕಲ್ಲು ಹೊಡೆಯುವುದು ಶುದ್ಧ ತಪ್ಪು.

ಪಾಕ್ಸ್ ವೈರಸ್ ಬೇರೆ ವೈರಸ್‌ಗಳಿಗಿಂತ ಹೇಗೆ ಬೇರೆ?

ಮೊದಲನೆಯದು ಗಾತ್ರ. ಇಟ್ಟಿಗೆಯಾಕಾರದ ಈ ಕಣ ಸುಮಾರು 350 ನ್ಯಾನೋಮೀಟರ್ ಉದ್ದ, 250 ನ್ಯಾನೋಮೀಟರ್ ಅಗಲ. ಬಣ್ಣ ಹಾಕಿದರೆ ಸಾಮಾನ್ಯ ಸೂಕ್ಷ್ಮದರ್ಶಕದ ಅಂಚಿಗೆ ಸಿಗುವಷ್ಟು ದೊಡ್ಡದು. 1886ರಲ್ಲಿ ಎಡಿನ್‌ಬರೋದ ಜಾನ್ ಬ್ಯೂಯಿಸ್ಟ್ ಲಸಿಕೆಯ ದ್ರವದಲ್ಲಿ ಈ ಚುಕ್ಕೆಗಳನ್ನು ಕಂಡರು. ವೈರಸ್ ಎಂಬ ಕಲ್ಪನೆಯೇ ಇನ್ನೂ ರೂಪುಗೊಂಡಿರದ ಕಾಲವಾದ್ದರಿಂದ ಅವನ್ನು ಬೀಜಾಣುಗಳೆಂದು ತಿಳಿದರು.

ಎರಡನೆಯದು ವಂಶವಾಹಿಯ ಉದ್ದ. ಲಸಿಕೆಗೆ ಬಳಸುವ ವ್ಯಾಕ್ಸಿನಿಯಾ ವೈರಸ್‌ನ ಡಿಎನ್‌ಎಯಲ್ಲಿ ಸುಮಾರು 1.9 ಲಕ್ಷ ಅಕ್ಷರಜೋಡಿಗಳು, ಸುಮಾರು 200 ಜೀನ್‌ಗಳು. ಕೊರೋನಾ ವೈರಸ್‌ಗೆ ಸುಮಾರು 30 ಸಾವಿರ ಅಕ್ಷರಗಳು, ಎಚ್‌ಐವಿಗೆ 10 ಸಾವಿರಕ್ಕೂ ಕಡಿಮೆ. ಪಾಕ್ಸ್‌ನ ಡಿಎನ್‌ಎಯ ಎರಡು ತುದಿಗಳೂ ತೆರೆದಿರುವುದಿಲ್ಲ. ಒಂದು ಎಳೆ ಬಾಗಿ ಇನ್ನೊಂದಕ್ಕೆ ಕೂಡಿಕೊಂಡು ಕುಣಿಕೆಯಾಗಿರುತ್ತದೆ.

ಮೂರನೆಯದೇ ಮುಖ್ಯ. ಹೆಚ್ಚಿನ ಡಿಎನ್‌ಎ ವೈರಸ್‌ಗಳು ನಮ್ಮ ಜೀವಕೋಶದ ಕೇಂದ್ರದೊಳಗೆ ಹೊಕ್ಕು ಅಲ್ಲಿಯ ಯಂತ್ರಗಳನ್ನು ಕಬಳಿಸುತ್ತವೆ. ಪಾಕ್ಸ್ ವೈರಸ್ ಕೋಶಕೇಂದ್ರಕ್ಕೆ ಹೋಗುವುದೇ ಇಲ್ಲ. ಕಲ್ಯಾಣ ಮಂಟಪಕ್ಕೆ ಅಡುಗೆಯವರನ್ನೂ ಪಾತ್ರೆಗಳನ್ನೂ ತಾವೇ ಕರೆತಂದು, ಮಂಟಪದವರಿಂದ ನೀರು, ಜಾಗ, ಸಾಮಾನು ಮಾತ್ರ ಪಡೆಯುವ ಬೀಗರ ಹಾಗೆ, ಡಿಎನ್‌ಎಯನ್ನು ಓದುವ ಕಿಣ್ವ, ಓದಿದ್ದನ್ನು ಸಿದ್ಧಪಡಿಸುವ ಕಿಣ್ವಗಳು ಎಲ್ಲವನ್ನೂ ಕಣದೊಳಗೇ ತುಂಬಿಕೊಂಡು ಬರುತ್ತದೆ. ಒಳಬಂದ ಕೂಡಲೇ ಅವು ಕೆಲಸ ಶುರು ಮಾಡುತ್ತವೆ. ಕೆಲವು ಗಂಟೆಗಳಲ್ಲಿ ಕೋಶದ್ರವದ ನಡುವೆ ವೈರಸ್‌ನದೇ ಕಾರ್ಖಾನೆ ಎದ್ದಿರುತ್ತದೆ; ಡಿಎನ್‌ಎಗೆ ಅಂಟುವ ನೀಲಿ ಬಣ್ಣ ಹಾಕಿ ನೋಡಿದರೆ ಕೋಶಕೇಂದ್ರದ ದೊಡ್ಡ ನೀಲಿ ವೃತ್ತದ ಹೊರಗೆ ಪುಟ್ಟ ಪುಟ್ಟ ನೀಲಿ ತೇಪೆಗಳು ಕಾಣುತ್ತವೆ. ಮೊದಲ ಸಲ ಅದನ್ನು ನೋಡುವ ವಿದ್ಯಾರ್ಥಿಗಳು ಸೂಕ್ಷ್ಮದರ್ಶಕ ಬಿಟ್ಟು ಏಳುವುದಿಲ್ಲ.

ತಯಾರಾದ ಕಣಗಳಲ್ಲಿ ಬಹುಪಾಲು ಕೋಶ ಒಡೆದಾಗ ಹೊರಬರುತ್ತವೆ. ಕೆಲವು ಇನ್ನೊಂದು ಪದರ ಹೊದ್ದುಕೊಂಡು ಕೋಶದ ಅಂಚಿಗೆ ಬರುತ್ತವೆ. ಅಲ್ಲಿ ಕೋಶದ ಆಕ್ಟಿನ್ ನಾರುಗಳೇ ಕಣದ ಕೆಳಗೆ ಬಾಲದಂತೆ ಬೆಳೆದು ಅದನ್ನು ಪಕ್ಕದ ಕೋಶಕ್ಕೆ ತಳ್ಳುತ್ತವೆ.

ಹಾಗಾದರೆ ಅದು ನಮ್ಮ ಡಿಎನ್‌ಎಗೆ ಸೇರಿಕೊಳ್ಳುವುದಿಲ್ಲವೇ?

ಸೇರಿಕೊಳ್ಳುವುದಿಲ್ಲ. ನಮ್ಮ ಡಿಎನ್‌ಎ ಇರುವ ಕೋಣೆಗೇ ಅದು ಕಾಲಿಡುವುದಿಲ್ಲ.

ಇಷ್ಟು ದೊಡ್ಡ ವೈರಸ್ ನಮ್ಮ ರೋಗನಿರೋಧಕ ಶಕ್ತಿಯ ಕಣ್ಣಿಗೆ ಬೀಳುವುದಿಲ್ಲವೇ?

ಬೀಳುತ್ತದೆ, ಅದಕ್ಕೂ ಅದು ಸಿದ್ಧವಾಗಿಯೇ ಬರುತ್ತದೆ. ಸೋಂಕು ತಗಲಿದ ಕೋಶ ಅಕ್ಕಪಕ್ಕದವನ್ನು ಎಚ್ಚರಿಸಲು ಇಂಟರ್‌ಫೆರಾನ್ ಎಂಬ ಪ್ರೋಟೀನ್ ಕಳುಹಿಸುತ್ತದೆ. ವ್ಯಾಕ್ಸಿನಿಯಾ ಆ ಇಂಟರ್‌ಫೆರಾನನ್ನು ದಾರಿಯಲ್ಲೇ ಹಿಡಿದಿಟ್ಟುಕೊಳ್ಳುವ ಹುಸಿ ಗ್ರಾಹಿಯನ್ನು ತಯಾರಿಸಿ ಹೊರಗೆ ಬಿಡುತ್ತದೆ. ರಕ್ತದಲ್ಲಿರುವ ಕಾಂಪ್ಲಿಮೆಂಟ್ ಎಂಬ ದಾಳಿ ವ್ಯವಸ್ಥೆಯನ್ನು ತಡೆಯುವ ಪ್ರೋಟೀನನ್ನೂ ಬಿಡುತ್ತದೆ. 1988ರಲ್ಲಿ ಗಿರೀಶ್ ಕೋತ್ವಾಲ್ ಮತ್ತು ಬರ್ನಾರ್ಡ್ ಮಾಸ್ ಇದನ್ನು ಕಂಡುಹಿಡಿದಾಗ, ಆ ಪ್ರೋಟೀನಿನ ರಚನೆ ನಮ್ಮದೇ ದೇಹದ ನಿಯಂತ್ರಕ ಪ್ರೋಟೀನುಗಳನ್ನು ಹೋಲುತ್ತಿತ್ತು. ನಮ್ಮ ರಕ್ಷಣಾ ವ್ಯವಸ್ಥೆಯ ಎಷ್ಟೋ ಭಾಗಗಳ ಕೆಲಸ ನಮಗೆ ಸ್ಪಷ್ಟವಾದದ್ದು ಈ ವೈರಸ್‌ಗಳು ಅವನ್ನು ಹೇಗೆ ತಡೆಯುತ್ತವೆ ಎಂದು ಓದುವಾಗ.

ನಮ್ಮಜ್ಜಿಯ ತೋಳಿನಲ್ಲಿರುವ ದೊಡ್ಡ ಕಲೆ ಏನು? ನನಗೂ ಒಂದಿದೆಯಲ್ಲ?

ಅಜ್ಜಿಯದು ಬಹುಶಃ ದಾಕಿನ ಕಲೆ, ಅಂದರೆ ಸಿಡುಬಿನ ಲಸಿಕೆಯದು. ನಿಮ್ಮ ಎಡತೋಳಿನ ಮೇಲಿನ ಚಿಕ್ಕ ಕಲೆ ಹುಟ್ಟಿದಾಗ ಕ್ಷಯದ ವಿರುದ್ಧ ಹಾಕಿದ ಬಿಸಿಜಿಯದು. ಭಾರತದಲ್ಲಿ ಸಿಡುಬಿನ ಲಸಿಕೆ 1970ರ ದಶಕದ ಕೊನೆಗೆ ನಿಂತಿತು; ಅದರ ನಂತರ ಹುಟ್ಟಿದವರಿಗೆ ಆ ಕಲೆ ಇರುವುದಿಲ್ಲ.

ಹಿಂದೆ ಚರ್ಮದ ಮೇಲಿಟ್ಟು ತಿರುಗಿಸುವ ಹಲ್ಲಿನ ಚಕ್ರವನ್ನು ಬಳಸುತ್ತಿದ್ದರು. ನೋವು ಹೆಚ್ಚು, ಗಾಯ ಅಗಲ. ನಂತರ ಬಂದದ್ದು ಕವಲು ಸೂಜಿ. ಬೆರಳುದ್ದದ ಉಕ್ಕಿನ ಕಡ್ಡಿ, ತುದಿಯಲ್ಲಿ ಎರಡು ಮೊನೆ. ಲಸಿಕೆಯಲ್ಲಿ ಅದ್ದಿ ಎತ್ತಿದರೆ ಎರಡು ಮೊನೆಗಳ ನಡುವೆ ಒಂದು ಸಣ್ಣ ಹನಿ ನಿಲ್ಲುತ್ತದೆ, ಅಷ್ಟೇ ಒಂದು ಪ್ರಮಾಣ. ಅದೇ ಜಾಗದಲ್ಲಿ ಪಟಪಟನೆ ಹದಿನೈದು ಸಲ ಚುಚ್ಚಿದರೆ ರಕ್ತದ ಒಂದು ಬಿಂದು ಮೂಡುತ್ತದೆ. ಮೂರು ನಾಲ್ಕು ದಿನಕ್ಕೆ ಕೆಂಪು ಗಂಟು, ವಾರಕ್ಕೆ ಕೀವು ತುಂಬಿದ ಗುಳ್ಳೆ, ಮೂರನೆಯ ವಾರದ ಹೊತ್ತಿಗೆ ಹಕ್ಕಳೆ ಉದುರಿ ಕಲೆ. ಅಂದರೆ ಅಲ್ಲಿ ಜೀವಂತ ವೈರಸ್ ನಿಜವಾಗಿ ಬೆಳೆದು, ದೇಹ ಅದನ್ನು ಗೆದ್ದಿದೆ. ಗುಳ್ಳೆ ಏಳದಿದ್ದರೆ ಲಸಿಕೆ ಹತ್ತಿಲ್ಲವೆಂದು ಮತ್ತೆ ಹಾಕುತ್ತಿದ್ದರು.

ಲಸಿಕೆ ನಮ್ಮ ಸೀಮೆಗೆ ಬಂದದ್ದು ಹೇಗೆ?

1796ರ ಮೇ 14ರಂದು ಎಡ್ವರ್ಡ್ ಜೆನ್ನರ್ ಇಂಗ್ಲೆಂಡಿನಲ್ಲಿ, ದನದ ಸಿಡುಬು ತಗಲಿದ ಹಾಲು ಕರೆಯುವ ಹೆಣ್ಣುಮಗಳ ಕೈಯ ಗುಳ್ಳೆಯಿಂದ ದ್ರವ ತೆಗೆದು ಜೇಮ್ಸ್ ಫಿಪ್ಸ್ ಎಂಬ ಹುಡುಗನಿಗೆ ಹಾಕಿದರು. ಆಗ ಶೀತಲಪೆಟ್ಟಿಗೆ ಇಲ್ಲ. ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ಸಾಗಿಸುತ್ತ ಅದನ್ನು ಜೀವಂತ ಇಡಬೇಕಿತ್ತು. ಹಾಗೆ ಸಾಗಿ ಬಂದು 1802ರ ಜೂನ್ 14ರಂದು ಮುಂಬಯಿಯಲ್ಲಿ ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿನ ತೋಳಿನಲ್ಲಿ ಭಾರತದ ಮೊದಲ ಲಸಿಕೆ ಹತ್ತಿತು. ಆ ಮಗುವಿನಿಂದ ದೇಶದ ಬೇರೆ ಕಡೆಗೆ ಹರಡಿತು.

ಮೈಸೂರು ಅರಮನೆ ಈ ಕಥೆಯಲ್ಲಿ ಬೇಗನೆ ಬರುತ್ತದೆ. ಥಾಮಸ್ ಹಿಕ್ಕಿ 1805ರ ಸುಮಾರಿಗೆ ಬರೆದ ವರ್ಣಚಿತ್ರವೊಂದರಲ್ಲಿ ಮೂವರು ರಾಜಸ್ತ್ರೀಯರಿದ್ದಾರೆ. ಬಲಗಡೆ ನಿಂತ ಕಿರಿಯ ರಾಣಿ ಸೀರೆಯ ಸೆರಗನ್ನು ಸರಿಸಿ ತೋಳು ತೋರುವಂತಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ ಅವರೇ ಇವರು, ಲಸಿಕೆ ಹಾಕಿಸಿಕೊಂಡ ಜಾಗವನ್ನು ತೋರಿಸುತ್ತಿದ್ದಾರೆ, ಜನರಲ್ಲಿ ಧೈರ್ಯ ತುಂಬಲು ಈ ಚಿತ್ರ ಬರೆಸಲಾಯಿತು ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ವಾದ. ನನಗೆ ಅದು ಒಪ್ಪುವ ಮಾತು. ಅಪರಿಚಿತ ಮದ್ದಿಗೆ ಜನ ಹೆದರುವಾಗ, ಗೌರವಕ್ಕೆ ಪಾತ್ರರಾದವರು ತಾವೇ ಮುಂದೆ ಬಂದು ತೋರಿಸುವುದಕ್ಕಿಂತ ಬಲವಾದ ಪ್ರಚಾರ ಇಂದಿಗೂ ಇಲ್ಲ.

ಮುಂದೆ ಕರುಗಳ ಚರ್ಮದಲ್ಲಿ ವೈರಸ್ ಬೆಳೆಸಿ ಲಸಿಕೆ ಮಾಡುವ ಪದ್ಧತಿ ಬಂದ ಮೇಲೆ ಬೆಂಗಳೂರಿನಲ್ಲೇ ಲಸಿಕೆ ಸಂಸ್ಥೆ ನಡೆಯಿತು. ಅಲ್ಲಿ ಕೆಲಸ ಮಾಡಿದವರಲ್ಲಿ ಡಾ. ಪಲ್ಪು ಒಬ್ಬರು. ತಿರುವಾಂಕೂರಿನಲ್ಲಿ ಜಾತಿಯ ಕಾರಣಕ್ಕೆ ಸರ್ಕಾರಿ ಕೆಲಸ ನಿರಾಕರಿಸಲ್ಪಟ್ಟು ಮೈಸೂರು ಸಂಸ್ಥಾನದ ಸೇವೆಗೆ ಬಂದ ಈ ವೈದ್ಯರು 1898ರ ಬೆಂಗಳೂರಿನ ಪ್ಲೇಗಿನ ದಿನಗಳಲ್ಲೂ ರೋಗಿಗಳ ನಡುವೆ ದುಡಿದರು. ಕೇರಳದ ಸಮಾಜ ಸುಧಾರಣೆಯ ಚರಿತ್ರೆ ಅವರನ್ನು ನೆನೆಯುತ್ತದೆ, ಬೆಂಗಳೂರೂ ನೆನೆಯಬೇಕು. ಇಪ್ಪತ್ತನೆಯ ಶತಮಾನದಲ್ಲಿ ಬೆಳಗಾವಿಯ ಲಸಿಕೆ ಸಂಸ್ಥೆಯೂ ಸಿಡುಬಿನ ಲಸಿಕೆ ತಯಾರಿಸಿತು.

ಅಷ್ಟು ರೋಗಗಳಿರುವಾಗ ಸಿಡುಬು ಮಾತ್ರ ಹೇಗೆ ನಿರ್ಮೂಲವಾಯಿತು?

ಅದಕ್ಕೆ ಮನುಷ್ಯನ ಹೊರತು ಬೇರೆ ಆಸರೆ ಇರಲಿಲ್ಲ. ರೋಗ ಬಂದರೆ ಮುಖದಲ್ಲೇ ಕಾಣುತ್ತಿತ್ತು. ಗುಣವಾದವರು ಮತ್ತೆ ಹರಡುತ್ತಿರಲಿಲ್ಲ. ಲಸಿಕೆಯನ್ನು ಒಣಪುಡಿ ಮಾಡಿ ಬಿಸಿಲಿನ ಊರುಗಳಿಗೂ ಒಯ್ಯಬಹುದಿತ್ತು. ಇವೆಲ್ಲ ಕೂಡಿಬಂದರೂ ಊರಿಗೆ ಊರೇ ಲಸಿಕೆ ಹಾಕುವುದರಿಂದ ಭಾರತದಲ್ಲಿ ರೋಗ ನಿಲ್ಲಲಿಲ್ಲ. 1974ರಲ್ಲಿ ದೇಶದಲ್ಲಿ 1.88 ಲಕ್ಷ ಪ್ರಕರಣಗಳು, 31 ಸಾವಿರಕ್ಕೂ ಹೆಚ್ಚು ಸಾವುಗಳು ದಾಖಲಾದವು. ಆಗ ಹಿಡಿದ ದಾರಿ ಬೇರೆ: ಮನೆಮನೆಗೆ ಹೋಗಿ ಸಿಡುಬಿನ ಮಗುವಿನ ಚಿತ್ರ ತೋರಿಸಿ ಕೇಳುವುದು, ಸುದ್ದಿ ಕೊಟ್ಟವರಿಗೆ ಬಹುಮಾನ, ಒಂದು ಪ್ರಕರಣ ಸಿಕ್ಕರೆ ಆ ಮನೆಯ ಸುತ್ತ ಎಲ್ಲರಿಗೂ ಲಸಿಕೆ. ಮುಂದಿನ ವರ್ಷವೇ, 1975ರ ಮೇ 24ರಂದು, ದೇಶದ ಕೊನೆಯ ಪ್ರಕರಣ ಅಸ್ಸಾಮಿನ ಕರೀಂಗಂಜ್‌ನಲ್ಲಿ ದಾಖಲಾಯಿತು. ಜಗತ್ತಿನಲ್ಲಿ ಸಹಜವಾಗಿ ಸಿಡುಬು ತಗಲಿದ ಕೊನೆಯ ವ್ಯಕ್ತಿ 1977ರಲ್ಲಿ ಸೊಮಾಲಿಯಾದ ಅಲಿ ಮಾವ್ ಮಾಲಿನ್; ಅವರು ಬದುಕುಳಿದರು. 1980ರ ಮೇ 8ರಂದು ನಿರ್ಮೂಲನೆಯ ಘೋಷಣೆಯಾಯಿತು.

ಎಂಪಾಕ್ಸ್ ಕರ್ನಾಟಕಕ್ಕೆ ಬಂದಿದೆಯೇ? ನಾವು ಹೆದರಬೇಕೇ?

2022ರ ಜುಲೈನಲ್ಲಿ ಕೇರಳದಲ್ಲಿ ಭಾರತದ ಮೊದಲ ಪ್ರಕರಣ ಪತ್ತೆಯಾಯಿತು. 2025ರ ಜನವರಿಯಲ್ಲಿ ದುಬೈನಿಂದ ಮಂಗಳೂರಿಗೆ ಬಂದ ಒಬ್ಬರಲ್ಲಿ ಅದು ದೃಢಪಟ್ಟಿತು. ಗಾಳಿಯಲ್ಲಿ ದೂರಕ್ಕೆ ತೇಲಿ ಬರುವ ರೋಗ ಇದಲ್ಲ. ಗುಳ್ಳೆಗಳ ನೇರ ಸ್ಪರ್ಶ, ಲೈಂಗಿಕ ಸಂಪರ್ಕ, ರೋಗಿಯ ಹಾಸಿಗೆ ಬಟ್ಟೆ, ತೀರ ಹತ್ತಿರದ ಒಡನಾಟದಿಂದ ಹರಡುತ್ತದೆ. ಮೆಟ್ರೊದಲ್ಲಿ ಪಕ್ಕ ಕುಳಿತವರಿಗೆ ಹೆದರಬೇಕಾಗಿಲ್ಲ.

ಜ್ವರ, ಮೈಕೈ ನೋವಿನ ಜೊತೆ ಕತ್ತು, ಕಂಕುಳು ಅಥವಾ ತೊಡೆಸಂದಿಯಲ್ಲಿ ಗಂಟು ಊದಿಕೊಂಡು ಗುಳ್ಳೆಗಳೆದ್ದರೆ ಚಿಕನ್ ಪಾಕ್ಸ್‌ಗಿಂತ ಎಂಪಾಕ್ಸ್‌ನ ಅನುಮಾನ ಹೆಚ್ಚು. ಹಿಂದಿನ 21 ದಿನಗಳ ಪ್ರಯಾಣ ಮತ್ತು ಸಂಪರ್ಕವನ್ನು ವೈದ್ಯರಿಗೆ ಮುಚ್ಚಿಡದೆ ಹೇಳಿ. ನಾಚಿಕೆಯಿಂದ ಅಡಗಿಸಿದರೆ ನಷ್ಟವಾಗುವುದು ಮನೆಯವರಿಗೆ, ಮೊದಲು ಮಕ್ಕಳಿಗೆ. ಹಾಗೆಯೇ ಬಂದ ರೋಗಿಯ ನಡತೆಯನ್ನು ವಿಚಾರಣೆ ಮಾಡುವ ಹಕ್ಕು ವೈದ್ಯರಿಗೂ ನೆರೆಯವರಿಗೂ ಇಲ್ಲ.

ದಾಕು ಹಾಕಿಸಿಕೊಂಡ ಹಿರಿಯರಿಗೆ ಎಂಪಾಕ್ಸ್‌ನಿಂದ ರಕ್ಷಣೆ ಇದೆಯೇ?

ಸ್ವಲ್ಪ ಮಟ್ಟಿಗೆ ಇದೆ. ಸಿಡುಬು, ಎಂಪಾಕ್ಸ್, ವ್ಯಾಕ್ಸಿನಿಯಾ ಮೂರೂ ಹತ್ತಿರದ ಸಂಬಂಧಿಗಳು. ಒಂದರ ವಿರುದ್ಧ ಕಲಿತ ದೇಹ ಇನ್ನೊಂದನ್ನೂ ಗುರುತಿಸುತ್ತದೆ. 1980ರ ದಶಕದಲ್ಲಿ ಆಗಿನ ಜೈರ್ ದೇಶದಲ್ಲಿ ನಡೆದ ಅಧ್ಯಯನದಲ್ಲಿ ಹಳೆಯ ಲಸಿಕೆ ಸುಮಾರು ಶೇ 85ರಷ್ಟು ರಕ್ಷಣೆ ಕೊಟ್ಟಿತ್ತು. ಅಷ್ಟು ವರ್ಷಗಳ ನಂತರ ಅದು ಅಷ್ಟೇ ಉಳಿದಿದೆ ಎಂದು ಲೆಕ್ಕ ಹಾಕಬೇಡಿ.

ಈಗಿನ ಎಂಪಾಕ್ಸ್ ಲಸಿಕೆ ಹಳೆಯದೇ ಏನು?

ಅಲ್ಲ, ಮತ್ತು ಇದು ಒಳ್ಳೆಯ ಸುದ್ದಿ. ಹಳೆಯ ಜೀವಂತ ಲಸಿಕೆಗೆ ತೆರಬೇಕಾದ ಬೆಲೆಯೂ ಇತ್ತು. ಇಸುಬು ಇದ್ದವರಲ್ಲಿ ಅದು ಮೈಯೆಲ್ಲ ಹರಡಬಹುದಿತ್ತು, ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ನಿಲ್ಲದೆ ಬೆಳೆಯಬಹುದಿತ್ತು, ಅಪರೂಪಕ್ಕೆ ಮಿದುಳಿನ ಉರಿಯೂತವೂ ಆಗುತ್ತಿತ್ತು. ಮೊದಲ ಬಾರಿ ಹಾಕಿಸಿಕೊಂಡ ಹತ್ತು ಲಕ್ಷ ಜನರಲ್ಲಿ ಸುಮಾರು ಒಬ್ಬರು ಸಾಯುತ್ತಿದ್ದರು.

ಮ್ಯೂನಿಕ್‌ನ ಆಂಟನ್ ಮೇಯರ್ ಮತ್ತು ಸಂಗಡಿಗರು ಅಂಕಾರಾದಿಂದ ಬಂದ ಒಂದು ವ್ಯಾಕ್ಸಿನಿಯಾ ತಳಿಯನ್ನು ಕೋಳಿ ಭ್ರೂಣದ ಕೋಶಗಳಲ್ಲಿ 570ಕ್ಕೂ ಹೆಚ್ಚು ಸಲ ಒಂದರಿಂದ ಒಂದಕ್ಕೆ ದಾಟಿಸುತ್ತ ಬೆಳೆಸಿದರು. ಕೋಳಿಯ ಕೋಶಕ್ಕೆ ಒಗ್ಗಿದ ವೈರಸ್, ಅಲ್ಲಿ ಬೇಡವಾದ ಜೀನ್‌ಗಳನ್ನು ಕಳೆದುಕೊಳ್ಳುತ್ತ ಹೋಯಿತು. ಡಿಎನ್‌ಎಯ ಸುಮಾರು ಶೇ 15 ಭಾಗ ಹೋಯಿತು. ಈಗ ಅದು ಮನುಷ್ಯನ ಕೋಶಕ್ಕೆ ಹೊಕ್ಕು ಪ್ರೋಟೀನುಗಳನ್ನು ತಯಾರಿಸುತ್ತದೆ, ರೋಗನಿರೋಧಕ ಶಕ್ತಿಗೆ ಪಾಠವಾಗುತ್ತದೆ, ಆದರೆ ಹೊಸ ಕಣಗಳನ್ನು ಪೂರ್ಣಗೊಳಿಸಲಾರದು. ಇದೇ ಎಂವಿಎ, ಅಂದರೆ ಮಾರ್ಪಟ್ಟ ವ್ಯಾಕ್ಸಿನಿಯಾ ಅಂಕಾರಾ. 1970ರ ದಶಕದಲ್ಲಿ ಜರ್ಮನಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರಿಗೆ ಹಾಕಲಾಗಿತ್ತು. ಅದರಿಂದ ಬಂದ ಎಂವಿಎ-ಬಿಎನ್ ಲಸಿಕೆಯನ್ನು ನಾಲ್ಕು ವಾರಗಳ ಅಂತರದಲ್ಲಿ ಎರಡು ಸಲ ಕೊಡುತ್ತಾರೆ, ಗುಳ್ಳೆಯಿಲ್ಲ, ಕಲೆಯಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಇದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಪೂರ್ವಾರ್ಹತೆ ಸಿಕ್ಕಿತು. ಇದು ಎಲ್ಲರಿಗೂ ಹಾಕುವ ಲಸಿಕೆಯಲ್ಲ, ಅಪಾಯದ ವಲಯದಲ್ಲಿರುವವರಿಗೆ.

ಪಾಕ್ಸ್ ವೈರಸ್‌ನಲ್ಲಿ ಬೇರೆ ರೋಗಗಳ ಲಸಿಕೆ ಮಾಡುತ್ತಾರಂತೆ, ಅದು ಹೇಗೆ?

1982ರಲ್ಲಿ ಬರ್ನಾರ್ಡ್ ಮಾಸ್ ಮತ್ತು ಎಂಜೊ ಪಾವೊಲೆಟ್ಟಿ ಅವರ ಎರಡು ತಂಡಗಳು ವ್ಯಾಕ್ಸಿನಿಯಾದೊಳಗೆ ಹೊರಗಿನ ಜೀನ್ ಸೇರಿಸಿ ತೋರಿಸಿದವು. ಅದರ ಡಿಎನ್‌ಎ ದೊಡ್ಡದು, 25 ಸಾವಿರ ಅಕ್ಷರಜೋಡಿಗಳಷ್ಟು ಹೊಸದನ್ನು ಸೇರಿಸಿದರೂ ತಾಳಿಕೊಳ್ಳುತ್ತದೆ. ಓದುವ ಕಿಣ್ವ ತನ್ನದೇ ಆದ್ದರಿಂದ ವೈರಸ್‌ನ ಸ್ವಂತ ಆರಂಭಸಂಕೇತ ಹಚ್ಚಿದರೆ ಸಾಕು, ಸೇರಿಸಿದ ಜೀನ್ ಓದಲ್ಪಡುತ್ತದೆ. ಕೋಶಕೇಂದ್ರಕ್ಕೆ ಹೋಗದು ಎಂಬ ನೆಮ್ಮದಿಯೂ ಇದೆ.

ದೊಡ್ಡ ಗೆಲುವು ಸಿಕ್ಕಿದ್ದು ಕಾಡಿನಲ್ಲಿ. ರೇಬೀಸ್ ವೈರಸ್‌ನ ಹೊರಕವಚದ ಪ್ರೋಟೀನಿನ ಜೀನ್ ಹೊತ್ತ ವ್ಯಾಕ್ಸಿನಿಯಾವನ್ನು ತಿಂಡಿಯೊಳಗಿಟ್ಟು ಯುರೋಪಿನಲ್ಲಿ ನರಿಗಳಿಗೆ, ಅಮೆರಿಕದಲ್ಲಿ ರಕೂನ್ ಮತ್ತು ಕಾಯೋಟಿಗಳಿಗೆ ಎರಚಿದರು. ತಿಂದ ಪ್ರಾಣಿಗೆ ರೇಬೀಸ್ ತಡೆಯುವ ಶಕ್ತಿ ಬಂತು. ಬೆಲ್ಜಿಯಂ, ಫ್ರಾನ್ಸ್‌ಗಳ ನರಿಗಳಿಂದ ರೇಬೀಸ್ ಹೋಗುವುದರಲ್ಲಿ ಇದರ ಪಾತ್ರ ದೊಡ್ಡದು. ಬೆಂಗಳೂರಿನ ಬೀದಿನಾಯಿಗಳಿಗೆ ಹಾಕುವುದು ಇದಲ್ಲ, ಕೊಂದ ರೇಬೀಸ್ ವೈರಸ್‌ನ ಚುಚ್ಚುಮದ್ದು. 2020ರಲ್ಲಿ ಯುರೋಪಿನಲ್ಲಿ ಒಪ್ಪಿಗೆ ಪಡೆದ ಒಂದು ಎಬೋಲಾ ಲಸಿಕೆಯ ಎರಡನೆಯ ಚುಚ್ಚು ಎಂವಿಎ ಆಧಾರಿತ.

ಎಚ್‌ಐವಿಯಲ್ಲಿ ಮಾತ್ರ ನಿರಾಸೆಯಾಯಿತು. ಕ್ಯಾನರಿ ಹಕ್ಕಿಯ ಪಾಕ್ಸ್ ವೈರಸ್ ಬಳಸಿದ ಥಾಯ್ಲೆಂಡಿನ ಪ್ರಯೋಗ 2009ರಲ್ಲಿ ಸುಮಾರು ಶೇ 31 ಪರಿಣಾಮ ತೋರಿ ಆಸೆ ಹುಟ್ಟಿಸಿತು. ಅದೇ ದಾರಿಯಲ್ಲಿ ದಕ್ಷಿಣ ಆಫ್ರಿಕಾದಲ್ಲಿ ನಡೆದ ದೊಡ್ಡ ಪ್ರಯೋಗವನ್ನು ಪ್ರಯೋಜನ ಕಾಣದೆ 2020ರಲ್ಲಿ ನಿಲ್ಲಿಸಲಾಯಿತು.

ಕ್ಯಾನ್ಸರ್‌ಗೆ ಇದರಿಂದ ಚಿಕಿತ್ಸೆ ಇದೆಯೇ?

ಸಂಶೋಧನೆ ಇದೆ, ಒಪ್ಪಿಗೆ ಪಡೆದ ಚಿಕಿತ್ಸೆ ಇನ್ನೂ ಇಲ್ಲ. ಡಿಎನ್‌ಎ ಕಟ್ಟಲು ಬೇಕಾದ ಕಚ್ಚಾವಸ್ತು ತಯಾರಿಸುವ ಒಂದು ಜೀನನ್ನು ವ್ಯಾಕ್ಸಿನಿಯಾದಿಂದ ತೆಗೆದರೆ, ಆ ವಸ್ತು ಹೇರಳವಾಗಿರುವ ಕೋಶಗಳಲ್ಲಿ, ಅಂದರೆ ಬಿಡುವಿಲ್ಲದೆ ವಿಭಜಿಸುವ ಕ್ಯಾನ್ಸರ್ ಕೋಶಗಳಲ್ಲಿ, ಅದು ಹೆಚ್ಚು ಚೆನ್ನಾಗಿ ಬೆಳೆದು ಅವನ್ನು ಒಡೆಯುತ್ತದೆ. ಹೀಗೆ ತಯಾರಾದ ಪೆಕ್ಸಾ-ವೆಕ್ ಯಕೃತ್ತಿನ ಕ್ಯಾನ್ಸರ್‌ನ ಮೂರನೆಯ ಹಂತದ ಪ್ರಯೋಗದಲ್ಲಿ ಫಲ ಕೊಡದೆ 2019ರಲ್ಲಿ ನಿಂತಿತು. ಅಂಡಾಶಯದ ಕ್ಯಾನ್ಸರ್‌ನಲ್ಲಿ ಇನ್ನೊಂದು ವೈರಸ್‌ನ ಪ್ರಯೋಗ ಮೂರನೆಯ ಹಂತಕ್ಕೆ ಬಂದಿದೆ. ನೋಂದಾಯಿತ ಪ್ರಯೋಗದ ಹೊರಗೆ ಯಾರಾದರೂ 'ವೈರಸ್ ಚಿಕಿತ್ಸೆ' ಎಂದು ಹಣ ಕೇಳಿದರೆ ದಯವಿಟ್ಟು ಕೊಡಬೇಡಿ.

ಎಂಆರ್‌ಎನ್‌ಎ ಲಸಿಕೆಗೂ ಪಾಕ್ಸ್ ವೈರಸ್‌ಗೂ ಏನು ಸಂಬಂಧ?

ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು. ಡಿಎನ್‌ಎಯಿಂದ ಓದಿದ ಸಂದೇಶವನ್ನು ಪ್ರೋಟೀನ್ ತಯಾರಿಕೆಗೆ ಒಯ್ಯುವ ಪ್ರತಿಯೇ ಎಂಆರ್‌ಎನ್‌ಎ. ನಮ್ಮ ಕೋಶಗಳಲ್ಲಿ ಪ್ರತಿ ಎಂಆರ್‌ಎನ್‌ಎಯ ತಲೆಗೆ ಒಂದು ರಾಸಾಯನಿಕ ಟೋಪಿ ಇರುತ್ತದೆ. ಅದಿಲ್ಲದಿದ್ದರೆ ಎಂಆರ್‌ಎನ್‌ಎ ಬೇಗ ಹಾಳಾಗುತ್ತದೆ, ಪ್ರೋಟೀನ್ ತಯಾರಾಗುವುದಿಲ್ಲ. ಆ ಟೋಪಿ ತೊಡಿಸುವ ಕಿಣ್ವ ಇರುವುದು ಕೋಶಕೇಂದ್ರದಲ್ಲಿ. ಕೇಂದ್ರಕ್ಕೆ ಹೋಗದ ವ್ಯಾಕ್ಸಿನಿಯಾ ತನ್ನದೇ ಕಿಣ್ವವನ್ನು ಇಟ್ಟುಕೊಳ್ಳಲೇಬೇಕಾಯಿತು. 1975ರ ಸುಮಾರಿಗೆ ಈ ಟೋಪಿಯ ರಚನೆಯನ್ನು ಬಿಡಿಸಿದ ಸಂಶೋಧನೆಗಳಲ್ಲಿ ವ್ಯಾಕ್ಸಿನಿಯಾದ್ದೂ ಒಂದು. ಆ ಕಿಣ್ವವನ್ನು ಇಂದು ಬಾಟಲಿಯಲ್ಲಿ ಮಾರುತ್ತಾರೆ. ಪ್ರಯೋಗಾಲಯದಲ್ಲಿ ಎಂಆರ್‌ಎನ್‌ಎ ತಯಾರಿಸಿ ಟೋಪಿ ತೊಡಿಸುವವರು ಇದನ್ನು ಬಳಸುತ್ತಾರೆ. ಡಿಎನ್‌ಎ ತುಂಡನ್ನು ನಿಮಿಷಗಳಲ್ಲಿ ಜೋಡಿಸುವ ಟೋಪೋ ಕ್ಲೋನಿಂಗ್ ಕಿಟ್‌ನ ಕಿಣ್ವವೂ ವ್ಯಾಕ್ಸಿನಿಯಾದ್ದೇ.

ಮಗುವಿನ ಮೈಮೇಲೆ ಮುತ್ತಿನಂಥ ಸಣ್ಣ ಗುಳ್ಳೆಗಳಿವೆ. ಡಾಕ್ಟರ್ ಮೊಲಸ್ಕಮ್ ಅಂದರು. ಸಿಡುಬೇ?

ಸಿಡುಬಲ್ಲ, ಗಾಬರಿಯಾಗಬೇಡಿ, ಆದರೆ ಪಾಕ್ಸ್ ವೈರಸ್ಸೇ. ಹತ್ತಿರದಿಂದ ನೋಡಿ: ಎರಡರಿಂದ ಐದು ಮಿಲಿಮೀಟರ್ ಅಗಲ, ನಯವಾದ ಹೊಳಪು, ನಟ್ಟನಡುವೆ ಸೂಜಿ ಊರಿದಂತಹ ಕುಳಿ. ಒಳಗಿರುವ ಬಿಳಿ ಬೆಣೆಯಂಥ ವಸ್ತುವಿನಲ್ಲಿ ವೈರಸ್ ತುಂಬಿರುತ್ತದೆ, ಹಾಗಾಗಿ ಹಿಚುಕಬೇಡಿ. ಕೆರೆದ ಗೆರೆಯ ಉದ್ದಕ್ಕೂ ಹೊಸ ಗುಳ್ಳೆಗಳ ಸಾಲು ಏಳುತ್ತದೆ. ಟವೆಲ್ ಬೇರೆ ಇಡಿ, ಉಗುರು ಕತ್ತರಿಸಿ, ಈಜಲು ಹೋದರೆ ಗುಳ್ಳೆ ಮುಚ್ಚಿ. ಆರೋಗ್ಯವಂತ ಮಕ್ಕಳಲ್ಲಿ ಆರರಿಂದ ಹನ್ನೆರಡು ತಿಂಗಳಲ್ಲಿ, ಕೆಲವೊಮ್ಮೆ ಇನ್ನೂ ನಿಧಾನವಾಗಿ, ತಾನಾಗಿ ಹೋಗುತ್ತದೆ. ಅದಕ್ಕಾಗಿ ಮಗುವನ್ನು ಶಾಲೆ ಬಿಡಿಸಬೇಕಾಗಿಲ್ಲ. ಕಣ್ಣಿನ ರೆಪ್ಪೆಯ ಮೇಲಿದ್ದರೆ, ತುಂಬ ಹರಡಿದ್ದರೆ, ವಯಸ್ಕರಲ್ಲಿ ಮುಖದ ಮೇಲೆ ಹೆಚ್ಚಾಗಿ ಬಂದರೆ ಚರ್ಮವೈದ್ಯರಿಗೆ ತೋರಿಸಿ.

ಹಸುವಿಗೆ ಚರ್ಮಗಂಟು ರೋಗ ಬಂದಿದೆ. ಹಾಲು ಕುಡಿಯಬಹುದೇ?

ಈ ರೋಗ ಮನುಷ್ಯರಿಗೆ ಬರುವುದಿಲ್ಲ. ಹಾಲನ್ನು ಎಂದಿನಂತೆ ಕಾಯಿಸಿ ಕುಡಿಯಿರಿ. ತೊಂದರೆಯೆಲ್ಲ ಹಸುವಿಗೆ ಮತ್ತು ಅದನ್ನು ನಂಬಿದ ಮನೆಗೆ. ಜ್ವರ ಬಂದು ಮೈಮೇಲೆ ನಿಂಬೆಹಣ್ಣಿನ ಗಾತ್ರದವರೆಗೂ ಗಂಟುಗಳೇಳುತ್ತವೆ, ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ, ಗಬ್ಬ ಹೋಗಬಹುದು. ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳು ಇದನ್ನು ಹೊತ್ತೊಯ್ಯುತ್ತವೆ. ಕೊಟ್ಟಿಗೆಯಲ್ಲಿ ಸೆಗಣಿ, ಗಂಜಲ ನಿಲ್ಲಲು ಬಿಡಬೇಡಿ, ಕಾಯಿಲೆ ಬಿದ್ದ ಹಸುವನ್ನು ಬೇರೆ ಕಟ್ಟಿ. ರೋಗ ಸುತ್ತಮುತ್ತ ಇರುವಾಗ ಸಂತೆಗಾಗಲಿ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗಾಗಲಿ ಹೊಡೆದುಕೊಂಡು ಹೋಗಬೇಡಿ.

ಭಾರತದಲ್ಲಿ ಇದು 2019ರಲ್ಲಿ ಒಡಿಶಾದಲ್ಲಿ ಮೊದಲು ವರದಿಯಾಗಿ, 2022ರಲ್ಲಿ ದೇಶದುದ್ದಕ್ಕೂ ಹಬ್ಬಿತು. ಭಾರತೀಯ ವಿಜ್ಞಾನ ಸಂಸ್ಥೆಯ ಉತ್ಪಲ್ ಟಾಟು ಅವರ ತಂಡ ಮತ್ತು ಸಹಯೋಗಿಗಳು ಆ ವರ್ಷದ ವೈರಸ್‌ನ ಡಿಎನ್‌ಎ ಓದಿದಾಗ ಎರಡು ಬಗೆಯವು ಸುತ್ತಾಡುತ್ತಿರುವುದು ಕಂಡಿತು. ಒಂದು ಹಿಂದಿನ ರಾಂಚಿ, ಹೈದರಾಬಾದ್ ತಳಿಗಳಿಗೆ ಹತ್ತಿರ. ಇನ್ನೊಂದರಲ್ಲಿ ಬದಲಾವಣೆಗಳು ಬಹಳ, 2015ರ ರಷ್ಯಾದ ತಳಿಗೆ ಹೋಲಿಕೆ.

ಲಸಿಕೆಯ ವಿಷಯದಲ್ಲಿ ಮತ್ತೆ ದಾಯಾದಿಯೇ ಕೈಹಿಡಿಯಿತು: ಮೊದಲು ಮೇಕೆ ಸಿಡುಬಿನ ಲಸಿಕೆಯನ್ನೇ ಹಸುಗಳಿಗೆ ಹಾಕಲಾಯಿತು. ನಂತರ ಹಿಸಾರ್‌ನ ಕುದುರೆ ಸಂಶೋಧನಾ ಕೇಂದ್ರದಲ್ಲಿ ಇದೇ ವೈರಸ್‌ನಿಂದ ಲಸಿಕೆ ಅಭಿವೃದ್ಧಿಯಾಯಿತು. 2025ರಲ್ಲಿ ಮಾಲೂರಿನ ಬಯೋವೆಟ್ ಕಂಪನಿಯ ಲಸಿಕೆಗೆ ಒಪ್ಪಿಗೆ ಸಿಕ್ಕಿತು. ಲಸಿಕೆ ಪಡೆದ ಹಸು ಯಾವುದು, ರೋಗ ತಗಲಿದ ಹಸು ಯಾವುದು ಎಂದು ರಕ್ತಪರೀಕ್ಷೆಯಲ್ಲಿ ಬೇರ್ಪಡಿಸಬಹುದಾದದ್ದು ಅದರ ವಿಶೇಷ.

ಎಮ್ಮೆ ಕರೆಯುವವರ ಬೆರಳಿಗೆ ಗುಳ್ಳೆ ಏಳುತ್ತದಲ್ಲ, ಅದು?

ಎಮ್ಮೆ ಸಿಡುಬು ಇರಬಹುದು. ಇದು ವ್ಯಾಕ್ಸಿನಿಯಾದ ತೀರ ಹತ್ತಿರದ ಸಂಬಂಧಿ, ಮನುಷ್ಯರಿಗೆ ಅಂಟುತ್ತದೆ. ಕೆಚ್ಚಲು, ಮೊಲೆತೊಟ್ಟಿನ ಹುಣ್ಣಿನಿಂದ ಬೆರಳ ಗೀರಿಗೆ ದಾಟಿ, ನಡು ಕುಳಿಬಿದ್ದ ಗುಳ್ಳೆ, ಕಂಕುಳಲ್ಲಿ ಗಂಟು, ಜ್ವರ. ಹೆಚ್ಚಾಗಿ ತಾನೇ ಗುಣವಾಗುತ್ತದೆ. ಹುಣ್ಣಿರುವ ಎಮ್ಮೆಯನ್ನು ಕೊನೆಗೆ ಕರೆಯಿರಿ, ಕೈಗವಸು ಹಾಕಿಕೊಳ್ಳಿ, ಪಶುವೈದ್ಯರಿಗೆ ತಿಳಿಸಿ. ಕುರಿ ಮೇಕೆಗಳ ಬಾಯಿಹುಣ್ಣಿನಿಂದ ಬೆರಳಿಗೆ ತಗಲುವ ಓರ್ಫ್ ಇದೇ ಕುಟುಂಬದ ಇನ್ನೊಂದು ವೈರಸ್.

ಪಾಕ್ಸ್ ವೈರಸ್‌ಗೆ ಮಾತ್ರೆ ಇದೆಯೇ?

ಟೆಕೋವಿರಿಮ್ಯಾಟ್ ಎಂಬುದು 2018ರಲ್ಲಿ ಅಮೆರಿಕದಲ್ಲಿ ಸಿಡುಬಿಗೆಂದು ಒಪ್ಪಿಗೆ ಪಡೆಯಿತು. ಕಣಗಳು ಎರಡನೆಯ ಪದರ ಹೊದ್ದು ಹೊರಬರುವುದನ್ನು ಅದು ತಡೆಯುತ್ತದೆ. ಪ್ರಾಣಿಗಳಲ್ಲಿ ಅದ್ಭುತವಾಗಿ ಕೆಲಸ ಮಾಡಿದ ಈ ಔಷಧಿ ಕಾಂಗೋದ ಎಂಪಾಕ್ಸ್ ರೋಗಿಗಳಲ್ಲಿ ಗುಳ್ಳೆಗಳು ಬೇಗ ಮಾಯುವಂತೆ ಮಾಡಲಿಲ್ಲ ಎಂದು 2024ರಲ್ಲಿ ತಿಳಿದುಬಂತು. ಆದರೆ ಆ ಪ್ರಯೋಗದಲ್ಲಿ ಔಷಧಿ ಪಡೆದವರಲ್ಲೂ ಪಡೆಯದವರಲ್ಲೂ ಸಾವು ಆ ಪ್ರದೇಶದ ಸಾಮಾನ್ಯ ಪ್ರಮಾಣಕ್ಕಿಂತ ಕಡಿಮೆ ಇತ್ತು. ಆಸ್ಪತ್ರೆಗೆ ಸೇರಿಸಿ ನೀರು, ಆಹಾರ, ಗಾಯದ ಆರೈಕೆ, ನೋವಿನ ಶಮನ ಕೊಟ್ಟರೆ ಜೀವ ಉಳಿಯುತ್ತದೆ. ಎಲ್ಲ ಊರಿನಲ್ಲೂ ಮಾಡಬಹುದಾದ ಕೆಲಸ ಅದು.

ಮನೆಯಲ್ಲಿ ಅಮ್ಮ ಆದಾಗ ಬೇವಿನ ಸೊಪ್ಪು ಕಟ್ಟುತ್ತೇವೆ, ಆಸ್ಪತ್ರೆಗೆ ಹೋಗುವುದಿಲ್ಲ. ತಪ್ಪೇ?

ಬಾಗಿಲಿಗೆ ಬೇವು ಕಟ್ಟಿ, ರೋಗಿಯನ್ನು ಬೇರೆ ಕೋಣೆಯಲ್ಲಿ ಮಲಗಿಸಿ, ತಂಪು ಆಹಾರ ಕೊಟ್ಟು, ಹೊರಗಿನವರನ್ನು ಒಳಗೆ ಬಿಡದ ನಮ್ಮ ಹಿರಿಯರ ಪದ್ಧತಿ ಒಳ್ಳೆಯ ಪ್ರತ್ಯೇಕವಾಸವೇ ಆಗಿತ್ತು. ಅದನ್ನು ನಾನು ಗೌರವಿಸುತ್ತೇನೆ, ಅಣ್ಣಮ್ಮನಿಗೆ ಹರಕೆ ಹೊತ್ತುಕೊಳ್ಳುವುದನ್ನೂ. ವೈದ್ಯರನ್ನು ಕಾಣದಿರುವುದನ್ನು ಮಾತ್ರ ಒಪ್ಪಲಾರೆ. ಗರ್ಭಿಣಿಯರಿಗೆ, ಹಸುಗೂಸುಗಳಿಗೆ, ವಯಸ್ಕರಿಗೆ ಚಿಕನ್ ಪಾಕ್ಸ್ ಕೂಡ ಜೀವಕ್ಕೆ ಎರವಾಗಬಹುದು; ಅದಕ್ಕೆ ಔಷಧಿ ಇದೆ, ಬೇಗ ಕೊಟ್ಟಷ್ಟೂ ಒಳ್ಳೆಯದು. ಮಕ್ಕಳ ಜ್ವರಕ್ಕೆ ಆಸ್ಪಿರಿನ್ ಕೊಡಲೇಬೇಡಿ. ಉಸಿರಾಟದ ತೊಂದರೆ, ಮಂಕು, ನಿಲ್ಲದ ವಾಂತಿ ಕಂಡರೆ ತಡಮಾಡದೆ ಹೊರಡಿ.

ಸಿಡುಬಿನ ವೈರಸ್ ಇನ್ನೂ ಎಲ್ಲಾದರೂ ಇದೆಯೇ? ನಾಶ ಮಾಡಬಾರದೇ?

ಎರಡು ಕಡೆ ಅಧಿಕೃತವಾಗಿ ಇದೆ: ಅಮೆರಿಕದ ಅಟ್ಲಾಂಟಾದಲ್ಲಿ, ರಷ್ಯಾದ ಕೋಲ್ಟ್‌ಸೊವೊದಲ್ಲಿ. 1978ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಪ್ರಯೋಗಾಲಯಕ್ಕೆ ಸಂಬಂಧಿಸಿ ಸಿಡುಬು ತಗಲಿ ಒಬ್ಬ ಮಹಿಳೆ ಸತ್ತ ಮೇಲೆ ಉಳಿದೆಡೆಯ ದಾಸ್ತಾನುಗಳನ್ನು ನಾಶ ಮಾಡಿದರು, ಇಲ್ಲವೇ ಈ ಎರಡು ಕಡೆಗೆ ಸಾಗಿಸಿದರು. ಸಂಶೋಧನೆಗೆ ಬೇಕೆಂದು ಇವೆರಡನ್ನು ಇಟ್ಟುಕೊಳ್ಳುವವರ ವಾದ ನನಗೆ ಗೊತ್ತು. ಆದರೂ ನಾಶ ಮಾಡಬೇಕು ಎಂಬುದೇ ನನ್ನ ನಿಲುವು. ಅದರ ಡಿಎನ್‌ಎಯ ಪೂರ್ಣ ಪಾಠ ಕೈಯಲ್ಲಿದೆ, ಸುರಕ್ಷಿತ ಲಸಿಕೆ ಇದೆ, ದಾಯಾದಿ ವೈರಸ್‌ಗಳ ಮೇಲೆ ಸಂಶೋಧನೆ ನಡೆಸಬಹುದು. ಕೆನಡಾದ ಡೇವಿಡ್ ಎವಾನ್ಸ್ ಅವರ ತಂಡ ಅಂಚೆಯಲ್ಲಿ ತರಿಸಿದ ಡಿಎನ್‌ಎ ತುಂಡುಗಳಿಂದ ಕುದುರೆ ಸಿಡುಬಿನ ವೈರಸ್ಸನ್ನೇ ಕಟ್ಟಿ ತೋರಿಸಿದ ಮೇಲೆ, ನಿಜವಾದ ಕಾವಲು ಬೇಕಾಗಿರುವುದು ಡಿಎನ್‌ಎ ತಯಾರಿಸಿ ಮಾರುವ ಕಂಪನಿಗಳ ಬಾಗಿಲಲ್ಲಿ.

ಬೆಂಗಳೂರಿನಲ್ಲಿದ್ದುಕೊಂಡು ಈ ವಿಷಯ ಓದಲು, ಕೆಲಸ ಮಾಡಲು ಅವಕಾಶವಿದೆಯೇ?

ಧಾರಾಳವಾಗಿದೆ. ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು, ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ, ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಆವರಣ ಇವೆ. ಯಲಹಂಕದಲ್ಲಿ ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ಲೆಕ್ಕ ಇಡುವ, ಮುನ್ಸೂಚನೆ ಕೊಡುವ ರಾಷ್ಟ್ರೀಯ ಸಂಸ್ಥೆ ನಿವೇದಿ ಇದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದ ರಸಾಯನವಿಜ್ಞಾನಿಗಳು ಎಂಪಾಕ್ಸ್ ಡಿಎನ್‌ಎಯಲ್ಲಿ ಮಡಚಿಕೊಳ್ಳುವ ನಾಲ್ಕೆಳೆಯ ರಚನೆಗಳನ್ನು ಗುರುತಿಸಿ, ಅವಕ್ಕೆ ಅಂಟಿದಾಗ ಬೆಳಗುವ ಅಣುವನ್ನು ರೂಪಿಸಿದ್ದಾರೆ. ಜೀವವಿಜ್ಞಾನ, ಪಶುವೈದ್ಯಕೀಯ, ರಸಾಯನಶಾಸ್ತ್ರ ಮೂರರಲ್ಲಿ ಯಾವುದನ್ನು ಓದಿದ್ದರೂ ಈ ಕ್ಷೇತ್ರಕ್ಕೆ ದಾರಿ ಇದೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಹಿಂಜರಿಯಬೇಡಿ: ಕೊಟ್ಟಿಗೆಗೆ ಹೋಗಿ ಹಸುವಿನ ಒಡತಿಯನ್ನು ಮಾತಾಡಿಸಿ, ರೋಗ ಯಾವತ್ತು ಶುರುವಾಯಿತು, ಪಕ್ಕದ ಮನೆಯಲ್ಲಿ ಯಾವತ್ತು ಎಂದು ಕೇಳಿ ಬರೆದುಕೊಳ್ಳಬಲ್ಲವರು ಈ ಕೆಲಸಕ್ಕೆ ತುರ್ತಾಗಿ ಬೇಕಾಗಿದ್ದಾರೆ.